ಉಸ್ತಾದರಿಗೆ ಗೋಧಿಯ ಪತ್ತಿರ್

ನಮ್ಮ ಉಮ್ಮ ಆಯಿಶಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಮಾತು ಮಾತ್ರ ಚೆನ್ನಾಗಿ ಬರುತ್ತಿತ್ತು. ಪೆರಾಬೆಯಲ್ಲಿ ಬೀಡಿ ಕಟ್ಟಿ ನನ್ನನ್ನು ಸಾಕಿದ ವಿಧವೆ ಅವಳು. ಆ ಬಾಯಿ ಇಲ್ಲದಿದ್ದರೆ ನಾವು ತಾಯಿ ಮಗಳು ಬದುಕುತ್ತಲೇ ಇರಲಿಲ್ಲ ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ಅರವತ್ತಾರನೆಯ ಇಸವಿಯ ಮಾತು. ರೇಶನ್ ಅಂಗಡಿಯಲ್ಲಿ ಕುಚ್ಚಲಕ್ಕಿ ಮಾಯವಾಗಿ, ಹಡಗಿನಲ್ಲಿ ಬಂದ ಗೋಧಿ ಸಿಗತೊಡಗಿತು. ಗಂಜಿ ಉಂಡು ಬೆಳೆದ ನಮಗೆ ಅದನ್ನು ಏನು ಮಾಡಬೇಕೆಂದೇ ಗೊತ್ತಿಲ್ಲ. ಉಮ್ಮ ಇಡೀ ಕಾಳನ್ನು ಕುಚ್ಚಲಕ್ಕಿಯ ಹಾಗೆ ಮಡಕೆಗೆ ಹಾಕಿ ಬೇಯಿಸಿದಳು. ಒಂದು ಹೊರೆ ಸೌದೆ ಬೂದಿಯಾಯಿತು, ಗೋಧಿ ಬೇಯಲಿಲ್ಲ.

"ಇದು ಮನುಷ್ಯರು ತಿನ್ನುದಾ? ಯಾವ ಪಾಪಕ್ಕೆ ಈ ಶಿಕ್ಷೆ!" ಎಂದು ಬೈದು ಎಲ್ಲವನ್ನೂ ಕೋಳಿಗಳಿಗೆ ಎಸೆದಳು.

ಆ ವಾರ ಮಸೀದಿಯ ಅಂಗಳದಲ್ಲಿ ಉಸ್ತಾದರ ಪ್ರವಚನವಿತ್ತು. ಸಾಹುಲ್ ಹಮೀದ್ ಮುಸ್ಲಿಯಾರ್ ಎಂದು ಅವರ ಹೆಸರು. ಮದ್ರಸದಲ್ಲಿ ನಮಗೆಲ್ಲ ಕುರ್‌ಆನ್ ಕಲಿಸುತ್ತಿದ್ದವರು ಅವರೊಬ್ಬರೇ. ಹೆಂಗಸರು ಪರದೆಯ ಆಚೆ ಕೂತಿದ್ದೆವು. ಮೂಸಾ ನಬಿಯ ಜನರನ್ನು ಅಲ್ಲಾಹನು ಫಿರ್‌ಔನ್ ದೊರೆಯ ಕೈಯಿಂದ ಬಿಡಿಸಿದ್ದು, ಮರುಭೂಮಿಯಲ್ಲಿ ಅವರಿಗಾಗಿ ಆಕಾಶದಿಂದ ಮನ್ನಾ ಎಂಬ ಆಹಾರ ಇಳಿಸಿದ್ದು, ಆದರೂ ಅವರು ಒಂದೇ ಬಗೆಯ ಊಟ ಸಾಕಾಯಿತು, ಬೇಳೆ ಬೇಕು, ಸೌತೆ ಬೇಕು, ನೀರುಳ್ಳಿ ಬೇಕು ಎಂದು ಗೊಣಗಿದ್ದು, ಎಲ್ಲ ಹೇಳಿದರು.

"ಉಸ್ತಾದರು ನಮ್ಮ ಕೋಳಿಗಳನ್ನು ನೋಡಿದ್ದಾರಾ ಹೇಗೆ?" ಎಂದಳು ಉಮ್ಮ, ಮನೆ ಮುಟ್ಟಿದ ಮೇಲೆ.

ಉಳಿದ ಗೋಧಿಯನ್ನು ಅವತ್ತೇ ನೀರಿನಲ್ಲಿ ನೆನೆಹಾಕಿದಳು. ಮರುದಿನ ತೆಂಗಿನಕಾಯಿಯ ಜೊತೆ ರುಬ್ಬಿ, ಅಕ್ಕಿ ರೊಟ್ಟಿಯ ಹಾಗೆಯೇ ತಟ್ಟಿ ಪತ್ತಿರ್ ಸುಟ್ಟಳು. ಮೊದಲಿನದ್ದು ಕಾವಲಿಗೇ ಅಂಟಿ ಕರಟಿತು. ಆಮೇಲಿನವನ್ನು ನಾನು ತಿಂದದ್ದೇ ತಿಂದದ್ದು.

ಉಸ್ತಾದರಿಗೆ ಊಟ ಕೊಡುವುದು ನಮ್ಮಲ್ಲಿ ಮನೆಮನೆಯ ಸರದಿ. ಅವರಿಗೆ ಅನ್ನ, ಮೀನು ಬಿಟ್ಟು ಗೋಧಿ ಕೊಟ್ಟರೆ ಮಾನ ಹೋಗುತ್ತದೆಂದು ಊರವರ ನಂಬಿಕೆ. ಹಾಗಾಗಿ ಅಕ್ಕಿ ಇಲ್ಲದವರು ಸರದಿಯ ದಿನ ಸದ್ದಿಲ್ಲದೆ ತಪ್ಪಿಸಿಕೊಂಡರು. ಕೇಳಿದರೆ ಉಸ್ತಾದರು, "ಇವತ್ತು ನನಗೆ ಉಪವಾಸ" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಉಮ್ಮ ಮಸೀದಿಯ ಬೇಲಿಯ ಹೊರಗಿನಿಂದ ನೋಡುತ್ತಾಳೆ, ಹಗಲು ಹನಿ ನೀರೂ ಮುಟ್ಟಬಾರದ ಉಪವಾಸದ ಉಸ್ತಾದರು ಬಾವಿಕಟ್ಟೆಯಲ್ಲಿ ನಿಂತು ಗಟಗಟ ನೀರು ಕುಡಿಯುತ್ತಿದ್ದಾರೆ. ಅವಳು ಕಣ್ಣೊರೆಸಿಕೊಳ್ಳುತ್ತಾ ಮನೆಗೆ ಬಂದಳು.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಅಕ್ಕಿ ಬರುವವರೆಗೆ ಉಸ್ತಾದರನ್ನು ಅವರ ಊರಿಗೆ ಕಳಿಸುವುದು, ಮದ್ರಸಕ್ಕೆ ಬೀಗ ಹಾಕುವುದು ಎಂದು ಮಸೀದಿಯ ಆಡಳಿತ ನೋಡುವ ಜಮಾಅತಿನ ಮುಖ್ಯಸ್ಥ ಮೂಸಕುಂಞಿ ಹಾಜಿಯವರ ಯೋಚನೆ. ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ತೀರ್ಮಾನ. ಹೋದ ಉಸ್ತಾದರು ತಿರುಗಿ ಬಂದ ಚರಿತ್ರೆ ನಮ್ಮೂರಿನಲ್ಲಿ ಇರಲಿಲ್ಲ. ನಾನು ಕುರ್‌ಆನಿನ ಅರ್ಧಕ್ಕೆ ಬಂದಿದ್ದೆ. ತಾನು ಓದದ್ದನ್ನು ಮಗಳು ಓದಿ ಮುಗಿಸಬೇಕೆಂಬುದು ಉಮ್ಮನಿಗಿದ್ದ ಒಂದೇ ಆಸೆ.

ಉಸ್ತಾದರ ಊಟವನ್ನು ಬಟ್ಟೆ ಮುಚ್ಚಿ ಒಯ್ಯುವುದು ರೂಢಿ. ಆ ಶುಕ್ರವಾರ ಉಮ್ಮ ಬಟ್ಟೆ ಮುಚ್ಚಲಿಲ್ಲ. ಹರಿವಾಣದಲ್ಲಿ ಪತ್ತಿರ್ ಪೇರಿಸಿಕೊಂಡು, ಕಂಡವರೆಲ್ಲ ಕಾಣಲಿ ಎಂದು ಪೇಟೆಯ ನಡುವೆಯೇ ನಡೆದಳು. ಗಂಡಸರೆಲ್ಲ ಮಸೀದಿಯ ಅಂಗಳದಲ್ಲಿ ಸೇರಿದ್ದರು. ಉಮ್ಮ ಗೇಟಿನಲ್ಲಿ ನಿಂತಳು.

"ಎಂತದು ಆಯಿಶಮ್ಮ ಇದು? ಉಸ್ತಾದರಿಗೆ ಗೋಧಿಯಾ? ಊರಿನ ಮರ್ಯಾದೆ ತೆಗೆಯುದಾ ನೀನು?" ಹಾಜಿಯವರು ಗದರಿದರು.

"ಉಸ್ತಾದರು ಹಸಿದು ಕೂತ ದಿನವೇ ಅದು ಹೋಗಿ ಆಗಿದೆ ಹಾಜಿಯವರೇ. ಮೂಸಾ ನಬಿಯ ಜನರಿಗೆ ಮನ್ನಾ ಕೊಟ್ಟವನೇ ನಮಗೆ ಈ ಗೋಧಿ ಕೊಟ್ಟದ್ದು. ನಾನೂ ಬೈದು ಕೋಳಿಗೆ ಎಸೆದವಳೇ. ಪರದೆಯ ಆಚೆ ಕೂತ ನನಗೆ ಕೇಳಿಸಿದ ಕತೆ ಎದುರಿನ ಸಾಲಿನಲ್ಲಿ ಕೂತ ನಿಮಗೆ ಕೇಳಿಸಲಿಲ್ವಾ?"

ಉಸ್ತಾದರು ಎದ್ದು ಬಂದು ಹರಿವಾಣ ತೆಗೆದುಕೊಂಡರು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಬಿಸ್ಮಿಲ್ಲಾ ಹೇಳಿ, ತಲೆ ಎತ್ತದೆ ತಿಂದರು. ತುಣುಕೂ ಉಳಿಯಲಿಲ್ಲ. ಅವರು ಎಷ್ಟು ಹಸಿದಿದ್ದರೆಂದು ಊರಿಗೆ ಅವತ್ತು ಗೊತ್ತಾಯಿತು.

"ನಾಳೆ ನಮ್ಮ ಮನೆಯಿಂದ. ಗೋಧಿಯೇ," ಎಂದರು ಹಾಜಿಯವರು ನೆಲ ನೋಡುತ್ತಾ.

ಉಸ್ತಾದರು ಹೋಗಲಿಲ್ಲ. ನಾನು ಕುರ್‌ಆನ್ ಓದಿ ಮುಗಿಸಿದೆ. ಆದರೆ ನನ್ನ ಉಮ್ಮನ ಬಗ್ಗೆ ನನಗೆ ಎಲ್ಲಕ್ಕಿಂತ ಹೆಮ್ಮೆ ಆ ಸಂಜೆಯದ್ದು. ಯಾವತ್ತೂ ನಮ್ಮ ಅಂಗಳಕ್ಕೆ ಕಾಲಿಡದ ಹಾಜಿಯವರ ಹೆಂಡತಿ ಪಾತುಮ್ಮ ತಾವೇ ನಡೆದು ಬಂದರು.

"ಆಯಿಶಾ, ಆ ಗೋಧಿಯನ್ನು ನೀನು ಎಂತ ಮಾಡಿದ್ದು? ನಮ್ಮಲ್ಲಿ ಬೇಯುದೇ ಇಲ್ಲ."

ಉಮ್ಮ ಮಣೆ ಕೊಟ್ಟು ಕೂರಿಸಿದಳು.

"ಮೊದಲು ಅದನ್ನು ಬೈಯುದು ನಿಲ್ಲಿಸಬೇಕು. ನೆನೆಹಾಕುದು ಮತ್ತೆ."