ನಡುವಟ್ಟಂನಲ್ಲಿ ಒಂದು ಕೂಲರ್ ಪರೀಕ್ಷೆ

೨೦೦೭ರಲ್ಲಿ ನಾನು ಉದಕಮಂಡಲದ ಒಂದು ಕಂಪ್ಯೂಟರ್ ಮಳಿಗೆಯಲ್ಲಿ ಸರ್ವೀಸ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಹೊಸ ಸಾಮಾನು ಯಾವುದೇ ಬರಲಿ, ಗಿರಾಕಿಗೆ ಕೊಡುವ ಮೊದಲು ಪರೀಕ್ಷಿಸಿ ಅಭಿಪ್ರಾಯ ಬರೆಯುವುದು ನನ್ನ ಪಾಲಿನ ಕೆಲಸ. ಡಬ್ಬದ ಮೇಲೆ ಅಚ್ಚು ಹಾಕಿದ್ದನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಹಾಗಾಗಿ ಮಾಲೀಕರ ಪಾಲಿಗೆ ನಾನು ನುಂಗಲಾರದ ಬಿಸಿತುಪ್ಪ.

ಆ ವರ್ಷ ಕೊಯಮತ್ತೂರಿನಿಂದ ಒಂದು ದೊಡ್ಡ ಏರ್ ಕೂಲರ್ ಬಂತು. ಕೋಣೆ ತಂಪು ಮಾಡುವ ಕೂಲರ್ ಅಲ್ಲ, ಕಂಪ್ಯೂಟರಿನ ಪ್ರೊಸೆಸರ್ ತಲೆಯ ಮೇಲೆ ಕೂರುವಂಥದ್ದು. ತೂಕ ಹತ್ತಿರ ಹತ್ತಿರ ಒಂದು ಕಿಲೋ. ಅದರ ತಾಮ್ರದ ಕೊಳವೆಗಳಿಗೆ ಹೀಟ್‌ಪೈಪ್ ಎಂದು ಹೆಸರು. ಒಳಗಿರುವ ಚೂರೇ ಚೂರು ದ್ರವ ಕಾದು ಆವಿಯಾಗಿ, ಪ್ರೊಸೆಸರಿನ ಬಿಸಿಯನ್ನು ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳಿಗೆ ಒಯ್ಯುತ್ತದೆ. ಅಂಗೈಗಿಂತ ಅಗಲದ ಫ್ಯಾನು ಆ ರೆಕ್ಕೆಗಳ ನಡುವೆ ಗಾಳಿ ಹಾಯಿಸುತ್ತದೆ. ಆಗಿನ ಪ್ರೊಸೆಸರುಗಳೋ, ಮುಟ್ಟಿದರೆ ಕೆಂಡ.

ಪರೀಕ್ಷೆಗೆ ತಕ್ಕ ಯಂತ್ರವೂ ಸಿಕ್ಕಿತು. ಗೂಡಲೂರು ದಾರಿಯಲ್ಲಿರುವ ನಡುವಟ್ಟಂನ ಗೌರಮ್ಮ ಮದುವೆ ವಿಡಿಯೊ ತೆಗೆದು ತಾನೇ ಎಡಿಟ್ ಮಾಡುವ ಹೆಣ್ಣುಮಗಳು. ಎಡಿಟ್ ಮುಗಿದ ಮೇಲೆ ಇಡೀ ಚಿತ್ರವನ್ನು ಕಂಪ್ಯೂಟರ್ ಒಂದಾಗಿ ಹೆಣೆಯಬೇಕು. ಅದಕ್ಕೆ ರೆಂಡರಿಂಗ್ ಎನ್ನುತ್ತಾರೆ, ಗಂಟೆಗಟ್ಟಲೆ ಹಿಡಿಯುತ್ತದೆ. ಬಿಸಿ ಮಿತಿಮೀರಿದರೆ ಯಂತ್ರ ತನ್ನಷ್ಟಕ್ಕೆ ಆರುತ್ತದೆ; ಆಕೆಯ ಕಂಪ್ಯೂಟರ್ ಪ್ರತಿ ಸಲವೂ ಅರ್ಧ ದಾರಿಯಲ್ಲಿ ಆರಿಹೋಗುತ್ತಿತ್ತು. ಎರಡು ಮದುವೆ ಮನೆಯವರು ಬೈದು ಟೇಪು ವಾಪಸು ಒಯ್ದ ಮೇಲೆ ಅದನ್ನು ನಮ್ಮ ಮಳಿಗೆಗೆ ಹೊತ್ತು ತಂದಿದ್ದಳು.

"ಈ ಸಲಾನೂ ಕೆಟ್ರೆ ಮಾರಿಬಿಡ್ತೀನಕ್ಕ," ಎಂದಳು. "ಊಟಿ ಸ್ಟುಡಿಯೊದವ್ರು ಕೇಳ್ತಾ ಅವ್ರೆ. ಮಿಷನ್ನೂ ಅವ್ರಿಗೇ, ನಾನೂ ಅವ್ರತ್ರಾನೇ ಸಂಬಳಕ್ಕೆ." ಹೇಳುವಾಗ ಆಕೆ ನನ್ನ ಮುಖ ನೋಡಲಿಲ್ಲ. ನನಗೆ ಸಂಕಟವಾಯಿತು.

ನಮ್ಮ ಮಳಿಗೆಯಲ್ಲಿ ಆಕೆಯ ಕಂಪ್ಯೂಟರನ್ನು ಅದರ ಹಳೆಯ ಕೂಲರಿನಲ್ಲೇ ಓಡಿಸಿದಾಗ ಪೂರ್ಣ ಹೊರೆಯಲ್ಲಿ ಅರವತ್ತೆಂಟು ಡಿಗ್ರಿ ತೋರಿಸಿತು. ಹೊಸದರಲ್ಲಿ ನಲವತ್ತೊಂಬತ್ತು. ಮಾಲೀಕರು ಆಗಲೇ ಮೂವತ್ತು ಕೂಲರಿಗೆ ಆರ್ಡರ್ ಹಾಕಲು ಹೊರಟರು. ನಾನು ತಡೆದೆ. ಹಳೆಯ ಕೂಲರಿನಲ್ಲೂ ನಮ್ಮಲ್ಲಿ ಕಂಪ್ಯೂಟರ್ ಆರಿರಲಿಲ್ಲವಲ್ಲ! ಇಲ್ಲಿ ಓಡುವುದು ಅಲ್ಲಿ ಯಾಕೆ ನಿಲ್ಲುತ್ತದೆ ಎಂದು ತಿಳಿಯದೆ ಸಹಿ ಹಾಕುವುದು ನನ್ನಿಂದಾಗದು. "ಮನೆಯಲ್ಲಿ ಸೆಖೆಯಾ?" ಎಂದು ಗೌರಮ್ಮನನ್ನು ಕೇಳಿದರೆ, "ಎಲ್ಲಿ ಸೆಖೆ, ಕೈ ಮರಗಟ್ತದೆ," ಎಂದಳು.

ಇಷ್ಟು ಭಾರದ ಕೂಲರನ್ನು ಮದರ್‌ಬೋರ್ಡಿಗೆ ಬಿಗಿದು ಘಾಟಿ ರಸ್ತೆಯಲ್ಲಿ ಒಯ್ದರೆ ಬೋರ್ಡು ಸೀಳಿಹೋದೀತು. ಅದನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಆಕೆಯ ಮನೆಯಲ್ಲೇ ಓಡಿಸಿ ನೋಡಲು ನಾನೂ ಗೌರಮ್ಮನೂ ಕಂಪ್ಯೂಟರಿನ ಜೊತೆ ಗೂಡಲೂರು ಬಸ್ಸಿನಲ್ಲಿ ಹೊರಟೆವು. ಪಕ್ಕದ ಸೀಟಿನ ಅಜ್ಜಿ ಅದನ್ನು ತಡವಿ ನೋಡಿ, ಇಡ್ಲಿ ಎಲ್ಲಿ ಹುಯ್ಯುವುದು ಎಂದು ಕೇಳಿತು.

ಗೌರಮ್ಮನ ಕೆಲಸದ ಕೋಣೆ ನಿಜಕ್ಕೂ ತಣ್ಣಗಿತ್ತು. ಮರದ ಬೀರುವಿನ ಕೆಳ ಖಾನೆಯಲ್ಲಿ ಕಂಪ್ಯೂಟರಿಗೆ ಜಾಗ, ಮೇಲೆ ಟೇಪುಗಳು, ಕ್ಯಾಮೆರಾ; ಪರದೆ ಮಾತ್ರ ಹೊರಗೆ ಮೇಜಿನ ಮೇಲೆ. ಬೀರುವಿನ ಬಾಗಿಲು ತೆರೆದೇ ಇತ್ತು. ಕೂಲರ್ ಕೂರಿಸಿ ರೆಂಡರಿಂಗ್ ಹಚ್ಚಿದೆ. ಬಿಸಿ ಐವತ್ತು ಡಿಗ್ರಿಯ ಆಸುಪಾಸು ನಿಂತಿತು. ನೆಮ್ಮದಿಯಾಗಿ ಒಳಮನೆಗೆ ಊಟಕ್ಕೆ ಹೋದೆ.

ಊಟ ಮುಗಿಸಿ ಬಂದರೆ ಪರದೆ ಕಪ್ಪು. ಗೌರಮ್ಮ ಗೋಡೆಗೊರಗಿ ನಿಂತಿದ್ದಳು. ಗುಡ್ಡ ಅಗೆದು ಇಲಿ ಹಿಡಿದಂತಾಯಿತಲ್ಲ ಎಂದುಕೊಳ್ಳುತ್ತಾ ನೋಡಿದೆ: ಬೀರುವಿನ ಬಾಗಿಲು ಮುಚ್ಚಿತ್ತು. ತೆರೆದೆ. ಒಲೆಯ ಮುಂದೆ ಕೂತಂತೆ ಮುಖಕ್ಕೆ ಬಿಸಿ ಹೊಡೆಯಿತು. ಒಳಗೆ ಮೂಲೆಯಲ್ಲಿ ಒಂದು ಬಲ್ಬು ಉರಿಯುತ್ತಿತ್ತು.

"ಯಾರು ಮುಚ್ಚಿದ್ದು?"

"ನಾನೇ. ಮಂಜು ಇಳೀತಲ್ಲ ಅಕ್ಕ. ಕದ ಹಾಕಿ ಬಲ್ಬು ಹಾಕ್ಲಿಲ್ಲಾಂದ್ರೆ ಎಲ್ಲಾ ಬೂಷ್ಟು ಹಿಡೀತದೆ."

ನೀಲಗಿರಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಲೆನ್ಸು, ರೇಷ್ಮೆ ಸೀರೆ, ಸರ್ಟಿಫಿಕೇಟು, ಯಾವುದನ್ನು ಜೋಪಾನ ಮಾಡಬೇಕೋ ಅದು ಬೀರುವಿನಲ್ಲಿ, ಪಕ್ಕದಲ್ಲಿ ತೇವ ಆರಿಸಲು ನಲವತ್ತು ವ್ಯಾಟಿನ ಬಲ್ಬು. ನಮ್ಮ ಮನೆಯಲ್ಲೂ ಇದೆ. ಮಂಜಿಗೆ ಒಂದು ಲೆನ್ಸು ಕಳೆದುಕೊಂಡಿದ್ದ ಗೌರಮ್ಮ, ತನ್ನ ಅತಿ ಬೆಲೆಯ ವಸ್ತುವಿಗೂ ಅದೇ ಉಪಚಾರ ಮಾಡಿದ್ದಳು. ಕೂಲರ್ ಬಿಸಿಯನ್ನು ನುಂಗುವುದಿಲ್ಲ, ಪ್ರೊಸೆಸರಿನಿಂದ ತೆಗೆದು ಸುತ್ತಲಿನ ಗಾಳಿಗೆ ಹಾಕುತ್ತದೆ, ಅಷ್ಟೇ. ಆ ಗಾಳಿಗೆ ಹೊರಹೋಗಲು ದಾರಿಯೇ ಇಲ್ಲದಿದ್ದರೆ ಎಂಥ ಕೂಲರ್ ತಂದರೂ ಸುಖವಿಲ್ಲ.

ಕಂಪ್ಯೂಟರನ್ನು ಹೊರಗೆ ಮೇಜಿನ ಮೇಲಿಡಿಸಿ ರೆಂಡರಿಂಗ್ ಮತ್ತೆ ಹಚ್ಚಿದೆ. ಟೇಪು, ಕ್ಯಾಮೆರಾ, ಬಲ್ಬು ಬೀರುವಿನಲ್ಲೇ ಉಳಿದವು. ಓಡುತ್ತಿರುವ ಕಂಪ್ಯೂಟರ್ ತಾನೇ ಬೆಚ್ಚಗಿರುವುದರಿಂದ ಅದರ ಮೇಲೆ ಮಂಜು ನೀರಾಗಿ ಕೂರುವುದಿಲ್ಲ ಎಂದು ತಿಳಿಹೇಳಿದೆ. ಗೌರಮ್ಮ ತಲೆಯಾಡಿಸಿದಳು, ನಂಬಲಿಲ್ಲ. ಕಿಟಕಿಯ ಸಂದಿನಿಂದ ಮಂಜು ಹೊಗೆಯಾಡುತ್ತಾ ಬಂದಾಗಲೆಲ್ಲ ಯಂತ್ರಕ್ಕೆ ಹೊದಿಸಲು ಆಕೆಯ ಕೈ ಹೆಗಲ ಶಾಲಿಗೆ ಹೋಗುತ್ತಿತ್ತು. ನಾನು ದಿಟ್ಟಿಸಿದರೆ ಕೈ ಕೆಳಗಿಳಿಸುತ್ತಿದ್ದಳು. ಅರ್ಧ ದಾಟಿತು, ಮುಕ್ಕಾಲು ದಾಟಿತು. ಐವತ್ತೆರಡು ಡಿಗ್ರಿ, ಅದರಿಂದ ಮೇಲಕ್ಕೆ ಹೋಗಲಿಲ್ಲ.

ನನ್ನ ವರದಿಯಲ್ಲಿ ಕೂಲರ್ ಒಳ್ಳೆಯದೆಂದೇ ಬರೆದೆ. ಜೊತೆಗೆ, ಕೊಳ್ಳುವವರು ಕಂಪ್ಯೂಟರನ್ನು ಎಲ್ಲಿಡುತ್ತಾರೆ, ಮಂಜು ಬಂದಾಗ ಏನು ಮಾಡುತ್ತಾರೆ ಎಂದು ಕೇಳದೆ ಮಾರಬಾರದು ಎಂದೂ ಸೇರಿಸಿದೆ. ಮಾಲೀಕರು ನಕ್ಕರು, ಆದರೆ ಗಿರಾಕಿಗಳನ್ನು ಹಾಗೆ ಕೇಳತೊಡಗಿದರು. ವಸ್ತುವನ್ನು ಪರೀಕ್ಷಿಸಿದರೆ ಅರ್ಧ ಕೆಲಸ, ಅದನ್ನು ಪ್ರೀತಿಯಿಂದ ಬಳಸುವವರ ಅಭ್ಯಾಸವನ್ನೂ ನೋಡಿದರೆ ಮಾತ್ರ ಪೂರ್ತಿ ಎನ್ನುವುದು ಈ ಕೆಲಸ ನನಗೆ ಕಲಿಸಿದ ಪಾಠ.

ನಡುವಟ್ಟಂನ ಆ ಸಂಜೆ ರೆಂಡರಿಂಗ್ ಇನ್ನೂ ಸ್ವಲ್ಪ ಬಾಕಿಯಿದ್ದಾಗ ಸ್ಟುಡಿಯೊದವರ ಫೋನು ಬಂತು. ಯಂತ್ರ ಒಯ್ಯಲು ಜೀಪು ಕಳಿಸಲೇ ಎಂದು ಕೇಳಿದರಂತೆ. ಗೌರಮ್ಮ ಪರದೆಯಿಂದ ಕಣ್ಣು ಕೀಳಲಿಲ್ಲ.

"ಬ್ಯಾಡ ಸಾರ್," ಎಂದಳು, "ಮಿಷನ್ನು ಕೆಲ್ಸದಲ್ಲಿ ಅದೆ. ನಾನೂ ಕೆಲ್ಸದಲ್ಲಿದೀನಿ."