ಅತ್ತೆಯ ಸರ್ಪಸುತ್ತು, ಸೊಸೆಯ ಗುಳಿಗೆ

ಕಳೆದ ತಿಂಗಳು ಅವ್ವನ ಹಣೆಯ ಮೇಲೆ ಸರ್ಪಸುತ್ತು ಎದ್ದಿತು. ಎಡಗಣ್ಣಿನ ಹತ್ತಿರಕ್ಕೇ ಬಂದಿತ್ತು. ಹೈದರಾಬಾದಿನ ಸನತ್‌ನಗರದ ನಮ್ಮ ಡಾಕ್ಟರು ನೋಡಿ, ಇದು ವೈರಸ್ಸು, ಇವತ್ತೇ ಗುಳಿಗೆ ಶುರು ಮಾಡಿ, ತಡವಾದರೆ ಕಣ್ಣಿಗೇ ಅಪಾಯ ಅಂದರು.

ಅವ್ವ ಒಪ್ಪಬೇಕಲ್ಲ?

"ಮನಿಯಾಗ ಸೊಸಿ ವೈರಸ್ಸಿಗೆ ಔಷಧ ಮಾಡಾಕತ್ತಾಳ. ಕಂಪನಿ ಗುಳಗಿ ನಾ ಯಾಕ ನುಂಗಲಿ?"

ಸೊಸೆ ಅಂದರೆ ನನ್ನ ಹೆಂಡತಿ ಸಂಧ್ಯಾ. ಲಿಂಗಂಪಲ್ಲಿಯ ಆಚೆ ಒಂದು ಲ್ಯಾಬಿನಲ್ಲಿ ಕೆಲಸ. ನಡುವೆ ತಾಮ್ರದ ಅಯಾನು, ಅದರ ಸುತ್ತ ಬೇರೆ ಅಣುಗಳು. ಹೀಗೆ ಕಟ್ಟಿದ ವಸ್ತು ವೈರಸ್ಸನ್ನು ತಡೆಯುತ್ತದಾ ಅಂತ ನೋಡುವುದು. ತಡೆದಿದೆ, ಗಾಜಿನ ತಟ್ಟೆಯಲ್ಲಿ. (ಅದೇ ತಟ್ಟೆಯ ಒಳ್ಳೆಯ ಜೀವಕೋಶಗಳೂ ಸತ್ತವು. ಇದನ್ನು ಅವ್ವ ಓಣಿಯಲ್ಲಿ ಯಾರಿಗೂ ಹೇಳಿಲ್ಲ.) ಸಂಧ್ಯಾ ಇದ್ದದ್ದಕ್ಕಿಂತ ಒಂದಕ್ಷರ ಹೆಚ್ಚಿಗೆ ಹೇಳುವವಳಲ್ಲ. ತನ್ನ ಪೇಪರಿನ ಶೀರ್ಷಿಕೆಯಲ್ಲಿ 'ಸಂಭಾವ್ಯ' ಅಂತ ಇರಲೇಬೇಕು ಎಂದು ಗೈಡ್ ಜೊತೆ ಜಗಳ ಆಡಿದವಳು.

"ಅತ್ತೀ, ನಾ ಮಾಡಿದ್ದನ್ನ ಇನ್ನೂ ಇಲಿಗೂ ಕೊಟ್ಟು ನೋಡಿಲ್ಲರಿ."

"ಇಲಿಗ್ಯಾಕ? ನನಗ ಕೊಡು."

ಮಧ್ಯಾಹ್ನಕ್ಕೆ ರೆಪ್ಪೆ ಊದಿತು. ಅವ್ವ ಗುಳಿಗೆ, ನೀರು ಎರಡನ್ನೂ ಸರಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಸಂಧ್ಯಾ ಅಡುಗೆಮನೆಗೆ ಹೋಗಿ, ಡಾಕ್ಟರು ಬರೆದುಕೊಟ್ಟ ಅದೇ ಗುಳಿಗೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಖಾಲಿ ಶೀಶೆಗೆ ಹಾಕಿದಳು.

"ತಗೋರಿ. ನಮ್ಮ ಲ್ಯಾಬಿಂದು."

ಅವ್ವ ನುಂಗಿದಳು. ಕಣ್ಣು ಉಳಿಯಿತು.

ಆದರೆ ಸಂಧ್ಯಾಗೆ ಸಮಾಧಾನ ಇರಲಿಲ್ಲ. ಗುಳ್ಳೆ ಒಣಗಿದ ಮೇಲೆ ಒಂದು ಸಂಜೆ ಅವ್ವನ ಪಕ್ಕ ಕೂತಳು. ಪಕ್ಕದ ಮನೆಯ ಸುಜಾತಮ್ಮನೂ ಅಲ್ಲೇ ಇದ್ದರು.

"ಅತ್ತೀ, ಅವು ಡಾಕ್ಟರು ಕೊಟ್ಟ ಗುಳಗಿರಿ. ನಾ ಸುಳ್ಳ ಹೇಳೀನಿ. ತಪ್ಪಾತು."

ಅವ್ವ ನಕ್ಕಳು. ಸುಜಾತಮ್ಮನ ಕಡೆ ತಿರುಗಿ ತನ್ನ ಹೈದರಾಬಾದಿ ಹಿಂದಿಯಲ್ಲಿ, "ಬಹೂಕು ಜರಾ ಭೀ ಘಮಂಡ್ ನೈ" ಅಂದಳು. (ಸೊಸೆಗೆ ಒಂಚೂರೂ ಅಹಂಕಾರ ಇಲ್ಲವಂತೆ.)

ಮರುದಿನ ಬೆಳಿಗ್ಗೆ ಸುಜಾತಮ್ಮ ಬಾಗಿಲಲ್ಲಿ. ಗಂಡನಿಗೆ ವಿಪರೀತ ಜ್ವರ, ಇದೂ ವೈರಲ್ಲೇ ಇರಬೇಕು, ನಿಮ್ಮ ಗುಳಿಗೆ ಎರಡು ಕೊಡಿ ಅಂದರು. ಸಂಧ್ಯಾ ಮತ್ತೆ ಎಲ್ಲ ಬಿಡಿಸಿ ಹೇಳಿದಳು. ಸಾಲದೆಂದು ಲ್ಯಾಬಿಗೆ ರಜೆ ಹಾಕಿ, ಆಟೋದಲ್ಲಿ ಅವರ ಗಂಡನನ್ನು ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋದಳು. ಡೆಂಗ್ಯೂ ಅಂತ ಗೊತ್ತಾಯಿತು. ಆಸ್ಪತ್ರೆಗೆ ಸೇರಿಸಿದರು, ಮನುಷ್ಯ ಹುಷಾರಾಗಿ ಮನೆಗೆ ಬಂದ.

ಮೊನ್ನೆ ಮೆಟ್ಟಿಲಲ್ಲಿ ಸುಜಾತಮ್ಮ ಸಿಕ್ಕರು. ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡೆ. ಮುಖ ಬಿಗಿದುಕೊಂಡು, ಒಳ್ಳೆಯ ಔಷಧ ಮನೆಯವರಿಗೆ ಮಾತ್ರ ಅಂತ ಈಗ ತಿಳೀತು ಬಿಡಿ ಅಂದರು.

ಒಂದೇ ಮಾತಿಗೆ ಸುಳ್ಳನ್ನು ನಂಬಿದವರು, ನಿಜಕ್ಕೆ ಇನ್ನೆಷ್ಟು ಸಾಕ್ಷಿ ಕೇಳುತ್ತಾರೆ?