ಗುಡ್ಡೆತ್ತಿನ ಕೊನೆಯ ಅಧ್ಯಾಯ

ಮಕ್ಕಳಿಗಾಗಿ ನಾನು ಬರೆಯುವ ಸಾಹಸ ಕಾದಂಬರಿ ಸರಣಿಯ ಮೊದಲ ವಿಮರ್ಶಕಿ ಓದು ಬಾರದ ನಮ್ಮ ಅತ್ತೆ. ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಕಬ್ಬೂರಿಗೆ ಬಂದು, ಚಹಾ ಕುಡಿದು ನಾನು ಹಾಳೆ ತೆಗೆದರೆ, ಅವರು ಎಮ್ಮೆಗೆ ಮೇವು ಹಾಕುತ್ತಲೇ "ಹೂಂ, ಓದ್" ಎನ್ನುತ್ತಾರೆ. ಕಥೆ ಹಿಡಿಸಿದರೆ ಸುಮ್ಮನಿರುತ್ತಾರೆ. ಬೇಸರವಾದರೆ ಎಮ್ಮೆಯ ಜತೆ ಮಾತಿಗಿಳಿಯುತ್ತಾರೆ. ಇಷ್ಟು ಸ್ಪಷ್ಟವಾದ ವಿಮರ್ಶೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆ ಸರಣಿಯಲ್ಲಿ ಒಂದು ದೈತ್ಯಮೃಗವಿದೆ. ಮೂರು ಕೊಂಬು, ಬೆನ್ನ ಮೇಲೆ ಕುರುಚಲು ಕಾಡು. ನೀರು ಕುಡಿಯಲು ಬಗ್ಗಿದರೆ ಹೊಳೆಯೇ ನಿಂತುಬಿಡುತ್ತದೆ. ಅದಕ್ಕೊಂದು ಉದ್ದನೆಯ ಸಂಸ್ಕೃತದ ಹೆಸರಿಟ್ಟು ಬೀಗಿದ್ದೆ. ಅತ್ತೆ ಒಂದೇ ಏಟಿಗೆ ಅದನ್ನು "ಗುಡ್ಡೆತ್ತು" ಮಾಡಿದರು. ಅದು ಏನು ಮೇಯುತ್ತದೆ, ಮೈಮೇಲಿನ ಉಣ್ಣಿ ಕೀಳುವವರು ಯಾರು, ಮಳೆ ಬಂದರೆ ಎಲ್ಲಿ ನಿಲ್ಲುತ್ತದೆ ಎಂದು ದಿನವೂ ವಿಚಾರಣೆ.

"ರಾಜಕುಮಾರಿ ಬಗ್ಗೆನೂ ಸ್ವಲ್ಪ ಕೇಳ್ರಿ, ಅತ್ತಿ" ಎಂದೆ ಒಮ್ಮೆ.

"ಆಕಿಗೇನಾಗೇತಿ? ಆಕಿಗೆ ಮನ್ಯಾಗ ಮಂದಿ ಅದಾರ."

ಕೊನೆಯ ಅಧ್ಯಾಯದಲ್ಲಿ ಆ ರಾಜಕುಮಾರಿ ಗುಡ್ಡೆತ್ತನ್ನು ಈಟಿಯಿಂದ ಕೊಲ್ಲುತ್ತಾಳೆ. ರಕ್ತ, ಗುಡುಗು, ಜಯಘೋಷ ಎಲ್ಲವನ್ನೂ ಸುರಿದು ಬರೆದಿದ್ದೆ. ಓದುತ್ತಿದ್ದಷ್ಟು ಹೊತ್ತೂ ಅತ್ತೆ ಸುಮ್ಮನಿದ್ದರು. ಗೆದ್ದೆ ಎಂದುಕೊಂಡು ತಲೆಯೆತ್ತಿದೆ.

"ಯಾಕ ಕೊಂದಿ?"

"ಕಥಿ ಮುಗೀಬೇಕಲ್ರಿ. ಅದರಿಂದ ನಾಡಿಗೆ ಅಪಾಯ ಇತ್ತು."

"ಅಪಾಯ ಐತಿ ಅಂತ ಬರ್ದಾಕಿ ನೀನ!" ಎಂದವರೇ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಟ್ರ್ಯಾಕ್ಟರ್ ತೊಳೆಯುತ್ತಿದ್ದ ಗಂಡನ ಮೇಲೆ ಹರಿಹಾಯ್ದೆ: "ನಿಮ್ಮವ್ವಗ ಕಥಿ ಯಾವುದು, ದನ ಯಾವುದು ಅನ್ನೋದ ತಿಳಿಯಂಗಿಲ್ಲ!" ಅವರು ನೀರಿನ ಪೈಪು ಕೆಳಗಿಟ್ಟು, "ಬಿಳಿ ಎತ್ತಿನ ಸುದ್ದಿ ನಿನಗ ಗೊತ್ತಿಲ್ಲಲ್ಲ" ಎಂದರು.

ನಾನು ಈ ಮನೆಗೆ ಬರುವ ಮೊದಲಿನ ಸುದ್ದಿ ಅದು. ಟ್ರ್ಯಾಕ್ಟರ್ ಬಂದ ವರ್ಷ ಮುದಿ ಬಿಳಿ ಎತ್ತೊಂದು ಉಳಿದಿತ್ತು. ಅತ್ತೆ ಐನಾಪುರದ ತವರಿಗೆ ಹೋದಾಗ ಮಾವ ಅದನ್ನು ಸಂತೆಗೆ ಹೊಡೆದುಕೊಂಡು ಹೋದರು. ಅತ್ತೆ ಬಂದು ನೋಡಿದರೆ ಬರೀ ಗೂಟ. ಎತ್ತು ಯಾರ ಪಾಲಾಯಿತು, ಹೇಗೆ ಹೋಯಿತು ಎಂದು ಅವರು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಗೂಟವನ್ನು ಮಾತ್ರ ಕೀಳಗೊಡಲಿಲ್ಲ. ನಾನು ದಿನವೂ ಎಡವಿ ಬೈಯುತ್ತಿದ್ದ ಗೂಟ ಅದೇ. ಅಂದಿನಿಂದ ಅದನ್ನು ಸುತ್ತಿಕೊಂಡು ಓಡಾಡತೊಡಗಿದೆ. ಆದರೂ ಈಟಿ ತೆಗೆದರೆ ಕಥೆ ಮುಗಿಸುವುದು ಹೇಗೆ?

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಮನೆಯಲ್ಲಿ ಪೂಜೆಯ ಮಣ್ಣಿನ ಎತ್ತುಗಳನ್ನು ಕೊಳ್ಳುವುದಿಲ್ಲ. ಹೊಲದ ಕರಿಮಣ್ಣು ತಂದು ಅತ್ತೆಯೇ ಮಾಡುತ್ತಾರೆ. ಹೋಳಿಗೆಯ ತಟ್ಟೆ ಹಿಡಿದು ದೇವರ ಜಗಲಿಯ ಬಳಿ ಬಂದೆ. ಮಣೆಯ ಮೇಲೆ ಜೋಡೆತ್ತು, ಅವುಗಳ ಮುಂದೆ ಮೇವಿನ ಪುಟ್ಟ ಗೋದಲಿ. ಪಕ್ಕದಲ್ಲಿ ಮೂರನೆಯದೊಂದು, ಕುಂಬಳಕಾಯಿಯಷ್ಟು ದೊಡ್ಡದು. ಮೂರು ಕೊಂಬು, ಜೋಳದ ಕಾಳಿನ ಕಣ್ಣು, ಬೆನ್ನಿಗೆ ಸಿಕ್ಕಿಸಿದ ಗರಿಕೆಯ ಕಾಡು, ಹಣೆಗೆ ಕುಂಕುಮ.

ಅರಿಷಿಣ ಕುಂಕುಮಕ್ಕೆ ಬಂದ ಪಕ್ಕದ ಮನೆಯ ಮರಾಠಿ ಹೆಂಗಸು, ಎಲ್ಲರ 'ಕಾಕು', ಬಾಗಿಲಲ್ಲೇ ನಿಂತರು. "ಅಗಬಾಯಿ! ಹೇ ಕಾಯ್? ಗೇಂಡಾ?" ಇದೇನು, ಘೇಂಡಾಮೃಗವೇ ಎಂದು ಅವರ ಪ್ರಶ್ನೆ.

"ನಮ್ಮ ಸೊಸಿದು" ಎಂದರು ಅತ್ತೆ. ಕಾಕು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಅವರು ಹೋದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು. "ಪೂಜಿ ಆಗೇತಿ. ಕೊಳ್ಳಾಗ ದಾರ ಕಟ್ಟೇನಿ. ಈಗ ಅದು ನಮ್ಮ ಮನಿ ದನ. ಇನ್ನೂ ಈಟಿ ಹಾಕ್ತಿಯೇನ?"

ನಗು ಬಂತು. ನಗುತ್ತಿದ್ದಂತೆ ಕಣ್ಣೂ ತುಂಬಿ ಬಂತು. "ಇಲ್ರಿ. ಮತ್ತ ಹೆಂಗ ಮುಗಿಸ್ಲಿ?" ಎಂದೆ.

ಪೂಜೆಯ ಮಣ್ಣೆತ್ತನ್ನು ನಮ್ಮಲ್ಲಿ ಒಡೆಯುವುದಿಲ್ಲ, ಕಸಕ್ಕೆ ಹಾಕುವುದಿಲ್ಲ. ಹೊಲದ ಬದುವಿನ ಮೇಲಿಟ್ಟು ಮಳೆಗೆ ಬಿಡುತ್ತೇವೆ. ಸಂಜೆ ಅತ್ತೆ ಜೋಡೆತ್ತನ್ನು ಸೆರಗಿನಲ್ಲಿಟ್ಟುಕೊಂಡರು, ಗುಡ್ಡೆತ್ತನ್ನು ನಾನು ಹೊತ್ತೆ. ಬದುವಿನ ಮೇಲೆ ಇಡುವಷ್ಟರಲ್ಲಿ ಹನಿ ಶುರುವಾಯಿತು. ಮೊದಲು ಮೂಗು ಹೋಯಿತು, ಆಮೇಲೆ ನಡುವಿನ ಕೊಂಬು.

"ನಡೀರಿ ಅತ್ತಿ, ತೋಯ್ಸಕೋತೀರಿ."

"ತಡಿ. ಇದು ನನ್ನ ಕಣ್ಣ ಮುಂದ ಹೋಗಾಕತ್ತೈತಿ" ಎಂದು ಅಲ್ಲೇ ಕುಳಿತರು. ನಾನೂ ಕುಳಿತೆ. ಜೋಳದ ಕಾಳುಗಳು ಮಣ್ಣಿಗೆ ಉದುರುವವರೆಗೆ ಇಬ್ಬರೂ ಏಳಲಿಲ್ಲ. ನನಗೆ ನೆಗಡಿಯಾಯಿತು, ಅವರಿಗೆ ಏನೂ ಆಗಲಿಲ್ಲ.

ಆ ಅಧ್ಯಾಯವನ್ನು ಹೊಸದಾಗಿ ಬರೆದೆ. ಅದರಲ್ಲಿ ಈಟಿ ಇಲ್ಲ. ಮುದಿಯಾದ ಗುಡ್ಡೆತ್ತು ಮಳೆಯಲ್ಲಿ ಮಲಗುತ್ತದೆ, ಮೆಲ್ಲಗೆ ಕರಗಿ ಹೊಲವಾಗುತ್ತದೆ. ರಾಜಕುಮಾರಿ ಅದರ ಕೊರಳ ಮೇಲೆ ಕೈಯಿಟ್ಟು ಕೊನೆಯವರೆಗೂ ಪಕ್ಕದಲ್ಲಿ ಕುಳಿತಿರುತ್ತಾಳೆ. ಮೂಗು ಸುರಿಸಿಕೊಂಡೇ ಓದಿದೆ. ಅತ್ತೆ ಎಮ್ಮೆಯ ಜತೆ ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ಕೈಯಲ್ಲಿದ್ದ ಮೇವನ್ನು ಕೆಳಗಿಟ್ಟು ಆ ಗೂಟದ ಹತ್ತಿರ ಹೋಗಿ ಕುಳಿತರು.

"ಆಕಿ ಪಕ್ಕಕ್ಕ ಕುಂತದ್ದು, ಅದಷ್ಟು ಇನ್ನೊಮ್ಮಿ ಓದ್" ಎಂದರು.